ಮರೀಕಾ, ಬೊಲೂದೊ, ಗ್ವೆಯ್: ಸ್ಪ್ಯಾನಿಷ್‌ನವರ ಸಲಿಗೆ ಎಲ್ಲಿ ಮುಗಿಯುತ್ತೆ, ಬೈಗುಳ ಎಲ್ಲಿ ಶುರುವಾಗುತ್ತೆ?

ಜಯನಗರ_ನಾಲ್ಕನೇ_ಬ್ಲಾಕ್
ಒಂದು ಆಫೀಸ್ ಪಂಚಾಯ್ತಿ ತಂದಿದ್ದೀನಿ. ಸ್ಪ್ಯಾನಿಷ್ ಬಲ್ಲೋರು ಯಾರಾದ್ರೂ ಬಿಡಿಸಿಕೊಡಿ.

ನಮ್ಮ ಟೀಮ್‌ನಲ್ಲಿ ಬೆಂಗಳೂರಿನ ನಾವು, ಬೊಗೋಟಾದ ಇಬ್ಬರು ಹುಡುಗೀರು, ಮೆಕ್ಸಿಕೋ ಸಿಟಿಯ ಒಬ್ಬ, ಮ್ಯಾಡ್ರಿಡ್‌ನ ಒಬ್ಬ ಇದ್ದೀವಿ. ಕಾಲ್‌ಗೆ ಎಲ್ಲರೂ ಸೇರೋ ತನಕ ಆ ಹುಡುಗೀರು ತಮ್ಮ ಪಾಡಿಗೆ ಸ್ಪ್ಯಾನಿಷ್‌ನಲ್ಲಿ ಹರಟ್ತಾ ಇರ್ತಾರೆ. ಮಾತು ಮಾತಿಗೂ "ಮರೀಕಾ". ಅದ್ಯಾರೋ ಗೆಳತಿ ಹೆಸರು ಅಂದ್ಕೊಂಡು ಸುಮ್ನಿದ್ದೆ. ಮೊನ್ನೆ ಮ್ಯಾಡ್ರಿಡ್‌ನವನು ನನಗೊಬ್ಬಳಿಗೇ ಮೆಸೇಜ್ ಮಾಡಿ, "ನಾನು ಗೇ. ಸ್ಕೂಲಲ್ಲಿ ನನ್ನನ್ನ ಈ ಮಾತು ಅಂದೇ ಹೊಡೀತಿದ್ರು. ದಿನಾ ಬೆಳಗ್ಗೆ ಇದನ್ನೇ ಕೇಳ್ತಾ ಕೂತ್ಕೊಳ್ಳೋಕೆ ಆಗಲ್ಲ" ಅಂದ. ಹುಡುಗೀರನ್ನ ಕೇಳಿದ್ರೆ, ನೀವು ಗೆಳತೀರು "ಕಣೇ" ಅಂತೀರಲ್ಲ ಹಾಗೆ ಅಷ್ಟೆ, ಅವನ ಬಗ್ಗೆ ಅಲ್ಲವೇ ಅಲ್ಲ ಅಂತ ಅಳೋ ಹಾಗಾಗಿದ್ದಾರೆ.

ಇದರ ಮಧ್ಯೆ ಮೆಕ್ಸಿಕೋದವನು ನಮ್ಮ ಹುಡುಗನೊಬ್ಬನಿಗೆ "ಗ್ವೆಯ್" ಅಂದನಂತೆ. ಇವನು ನೆಟ್‌ನಲ್ಲಿ ಹುಡುಕಿ, "ಎತ್ತು" ಅಂತ ಅರ್ಥ ಸಿಕ್ಕಿ, ಮುಖ ಊದಿಸ್ಕೊಂಡು ಕೂತಿದ್ದಾನೆ. ಯಾರಿಗೆ ಸಮಾಧಾನ ಹೇಳ್ಲಿ, ಯಾರಿಗೆ ಬುದ್ಧಿ ಹೇಳ್ಲಿ?

ಸುಮ್ನೆ_ಓದೋನು
ಗ್ವೆಯ್ ಅಂದ್ರೆ ಮೊಟ್ಟೆ ಅಲ್ವಾ? ಎಲ್ಲೋ ಓದಿದ ನೆನಪು.

ಸ್ಪ್ಯಾನಿಷ್_ಮೇಷ್ಟ್ರು
ಅಲ್ಲ. ಮೊಟ್ಟೆಯಿಂದ ಬಂದಿದ್ದು ಚಿಲಿಯವರ "ವೆಓನ್". ಮೊಟ್ಟೆ ಅಂದರೆ ಅಲ್ಲಿ ಗಂಡಸಿನ ಬೀಜ, ಮುಂದಿನದು ನೀವೇ ಊಹಿಸಿಕೊಳ್ಳಿ. ಗ್ವೆಯ್ ಬಂದಿದ್ದು "ಬುವೆಯ್"ನಿಂದ. ಆ ಹುಡುಗ ಹುಡುಕಿದ್ದು ಸರಿಯಾಗಿಯೇ ಇದೆ: ಬೀಜ ಒಡೆದ ಎತ್ತು. ಪೆದ್ದ, ಹೆಂಡತಿಯಿಂದ ಮೋಸಹೋದವ ಅನ್ನೋ ಅರ್ಥದಲ್ಲಿ ಬೈಗುಳವಾಗಿತ್ತು. ಈಗ ಮೆಕ್ಸಿಕೋದ ಹುಡುಗರ ಬಾಯಲ್ಲಿ ಅದಕ್ಕೆ ನಮ್ಮ "ಮಗಾ", "ಗುರು"ಗಿಂತ ಹೆಚ್ಚು ತೂಕವಿಲ್ಲ. ಹುಡುಗಿಯರೂ ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಅವನಿಗೆ ಗ್ವೆಯ್ ಅಂದಿದ್ದಾರೆಂದರೆ ಗುಂಪಿಗೆ ಸೇರಿಸಿಕೊಂಡಿದ್ದಾರೆ ಅಂತ. ಟ್ರೀಟ್ ಕೊಡಿಸಲು ಹೇಳಿ.

ಧಾರವಾಡ_ಫೇಡಾ
ಮೇಷ್ಟ್ರ ಹೇಳಿದ್ದು ಖರೇ. ನಾ ಮೆಕ್ಸಿಕೋದ ಮಾಂಟೆರ್ರೇದಾಗ ಒಂದು ಕಾರ್ಖಾನ್ಯಾಗ ಇದ್ದೆ. ಲೈನ್ ಮ್ಯಾಲಿನ ಹುಡುಗೂರು ನಟ್ಟು ಬಿಗಿಯೋ ಸಲ ಒಮ್ಮೆ "ಗ್ವೆಯ್", ಬಿಚ್ಚೋ ಸಲ ಒಮ್ಮೆ "ಗ್ವೆಯ್". ಆದ್ರ ಸೂಪರ್‌ವೈಸರ್ ಬಂದ್ನೆಪಾ ಅಂದ್ರ ಆ ಶಬ್ದ ಮಾಯ. "ಇನ್ಹೆನ್ಯೆರೊ" ಅಂತ ಕರೀತಿದ್ರು, ಅಂದ್ರ ಇಂಜಿನಿಯರ್ ಸಾಹೇಬ್ರ. ನನಗೂ ಮೊದಲು ಹಂಗ ಕರೀತಿದ್ರು. ಒಂದಿನ ಕ್ಯಾಂಟೀನ್‌ದಾಗ ಸಾಲ್ಸಾ ಖಾರ ಇಲ್ಲ ಅಂತ ನಾ ಮನಿಂದ ತಂದ ಚಟ್ನಿಪುಡಿ ಹಾಕ್ಕೊಂಡೆ ನೋಡ್ರಿ, ಅವತ್ತಿಂದ ನಾನೂ ಗ್ವೆಯ್.

ನಮ್ಮ ಕಡೆ "ಲೇ ಮಗನ" ಅಂದ್ರ ದೋಸ್ತಿ. ಮೈಸೂರಾಗ ಅಂದು ನೋಡ್ರಿ, ಕಾಲರ್ ಹಿಡೀತಾರ.

ಮೈಸೂರ್_ಪಾಕ್
ಹಿಡಿಯಲ್ಲ ಸಾರ್, ಮುಖ ನೋಡ್ತೀವಿ ಅಷ್ಟೆ.

ಎಚ್ಆರ್_ಅಕ್ಕ
ನನ್ನ ಅನುಭವದಲ್ಲಿ ಇದಕ್ಕೆ ಸುಲಭ ದಾರಿ ಇದೆ. ಕಾಲ್‌ನಲ್ಲಿ ಆಡಬಾರದ ಪದಗಳ ಒಂದು ಪಟ್ಟಿ ಮಾಡಿ, ಎಲ್ಲರಿಗೂ ಮೇಲ್ ಮಾಡಿ. ಅರ್ಥ ಏನು, ಉದ್ದೇಶ ಏನು ಅಂತ ತನಿಖೆ ಮಾಡೋಕೆ ಹೋದ್ರೆ ಮುಗಿಯೋದೇ ಇಲ್ಲ.

ಸ್ಪ್ಯಾನಿಷ್_ಮೇಷ್ಟ್ರು
ಪಟ್ಟಿಯಲ್ಲಿ "ಮೋನೊ" ಇರುತ್ತದೋ ಇಲ್ಲವೋ? ಅದು ಕೋತಿ. ಸ್ಪೇನ್‌ನಲ್ಲಿ ಮಗುವನ್ನು ನೋಡಿ "ಕೆ ಮೋನೊ" ಅಂದರೆ ಎಷ್ಟು ಮುದ್ದಾಗಿದೆ ಅಂತ. ಕೊಲಂಬಿಯಾದಲ್ಲಿ ಕೂದಲು ಕೆಂಚಗಿರುವವನು ಮೋನೊ, ಅಂಗಡಿಯವನು ಗಿರಾಕಿಯನ್ನು ಹಾಗೆ ಕರೆದರೂ ತಪ್ಪಿಲ್ಲ. ಪಕ್ಕದ ಈಕ್ವೆಡಾರ್‌ನಲ್ಲಿ ಬೆಟ್ಟದ ಕೀಟೊದವರು ಕರಾವಳಿಯ ಗ್ವಾಯಾಕಿಲ್‌ನವರನ್ನು ಹೀಗಳೆಯಲು ಇದೇ ಪದ ಬಳಸುತ್ತಾರೆ. ಕಪ್ಪು ಆಟಗಾರನಿಗೆ ಸ್ಟೇಡಿಯಂನಲ್ಲಿ ಇದನ್ನು ಕೂಗಿದರೆ ಶುದ್ಧ ಜನಾಂಗೀಯ ನಿಂದನೆ. ಇಷ್ಟಕ್ಕೂ ಪದ ಒಂದೇ. ಯಾವ ಕಾಲಂನಲ್ಲಿ ಬರೆಯುತ್ತೀರಿ?

ಎಚ್ಆರ್_ಅಕ್ಕ
ಆಫೀಸಿನಲ್ಲಿ ಕೋತಿ ಬೇಡ ಅಂತ ಬರೀತೀನಿ ಮೇಷ್ಟ್ರೇ. ಯಾವ ದೇಶದ ಕೋತಿಯಾದ್ರೂ ಸರಿ.

ರೊಸಾರಿಯೋ_ಸೊಸೆ
ನಾನು ಅರ್ಜೆಂಟೀನಾದವರ ಮನೆ ಸೊಸೆ. ಈ ಚರ್ಚೆ ನೋಡಿ ಸುಮ್ಮನಿರೋಕೆ ಆಗ್ಲಿಲ್ಲ.

ನಮ್ಮ ಮನೇಲಿ ಯಾರಿಗೂ ಹೆಸರೇ ಇಲ್ಲ. ಮಾವನವರು "ಗೋರ್ದೊ", ಅಂದ್ರೆ ದಪ್ಪಣ್ಣ. ಅವರು ನಿಜಕ್ಕೂ ಕಡ್ಡಿ ಥರ ಇದ್ದಾರೆ. ಮೈದುನ "ನೆಗ್ರೊ", ಅಂದ್ರೆ ಕರಿಯ, ಅವನ ಬಣ್ಣ ನನಗಿಂತ ಬಿಳಿ. ನಾನು "ಫ್ಲಾಕಾ", ಸಣಕಲಿ. ಮದುವೆಯಾದ ಹೊಸದರಲ್ಲಿ ಅತ್ತೆ ಭಾನುವಾರ ಹಿತ್ತಲಲ್ಲಿ ಮಾಂಸ ಸುಡ್ತಾ ಇರೋ ಮಾವನಿಗೆ "ಗೋರ್ದೊ, ಉಪ್ಪು ಹಾಕಿದ್ಯಾ?" ಅಂತ ಎಲ್ಲರೆದುರು ಕೂಗಿದಾಗ ನಾನು ತಲೆ ತಗ್ಗಿಸಿ ತಟ್ಟೆ ನೋಡ್ತಾ ಕೂತಿದ್ದೆ. ಮಾವ ಇಕ್ಕಳದಲ್ಲೇ ಒಂದು ತುಂಡು ಎತ್ತಿ ಅತ್ತೆ ಬಾಯಿಗಿಟ್ಟು "ನೀನೇ ನೋಡು, ಗೋರ್ದಾ" ಅಂದ್ರು. ಅಲ್ಲಿಗೆ ಅರ್ಥವಾಯ್ತು.

ಆದ್ರೆ ಇಲ್ಲಿ ನಿಜವಾದ ರಾಜ ಅಂದ್ರೆ "ಬೊಲೂದೊ". ಮೂಲ ಅರ್ಥ ದೊಡ್ಡ ಬೀಜದವನು, ಅಂದ್ರೆ ಮಂಕ. ಈಗ "ಚೆ, ಬೊಲೂದೊ" (ಚೆ ಅಂದ್ರೆ "ಲೋ") ಅಂತ ಕರೆಯದೆ ಗೆಳೆಯರ ಮಾತು ಶುರುವೇ ಆಗಲ್ಲ. 2013ರಲ್ಲಿ ಪನಾಮಾದಲ್ಲಿ ಸ್ಪ್ಯಾನಿಷ್ ಭಾಷಾ ಸಮ್ಮೇಳನ ನಡೆದಾಗ ಒಂದೊಂದು ದೇಶದ ಲೇಖಕರನ್ನ "ನಿಮ್ಮ ದೇಶವನ್ನ ತೋರಿಸೋ ಒಂದು ಪದ ಯಾವುದು" ಅಂತ ಪತ್ರಿಕೆಯವರು ಕೇಳಿದ್ರು. ಅರ್ಜೆಂಟೀನಾ ಪರವಾಗಿ ಕವಿ ಹುವಾನ್ ಗೆಲ್ಮನ್ ಆರಿಸಿದ್ದು ಬೊಲೂದೊ! ಅಂಥಾ ದೊಡ್ಡ ಕವಿ.

ಸುಮ್ನೆ_ಓದೋನು
ಕರ್ನಾಟಕಕ್ಕೆ ಕೇಳಿದ್ರೆ ನಾವು ಯಾವುದನ್ನ ಕೊಡ್ತಿದ್ವಿ ಅಂತ ಇಲ್ಲಿ ಬರೆಯಲ್ಲ. ಮಾಡರೇಟರ್ ಇದ್ದಾರೆ.

ಸ್ಪ್ಯಾನಿಷ್_ಮೇಷ್ಟ್ರು
ಸೊಸೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಕ್ಲಾಸಿನಲ್ಲಿ ನಾನು ಕಲಿಸುವುದು ಇದನ್ನೇ. ಆ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ನೋಡಿ. ಕರೆಯುವ ಜಾಗದಲ್ಲಿದ್ದರೆ ಸಾಮಾನ್ಯವಾಗಿ ಸಲಿಗೆ: "ಏನ್ ಸಮಾಚಾರ, ಬೊಲೂದೊ". "ನೀನೊಬ್ಬ" ಅನ್ನುವುದರ ಮುಂದೆ ಬಂದರೆ ಬೈಗುಳ: "ಸೋಸ್ ಊನ್ ಬೊಲೂದೊ". ಮೆಕ್ಸಿಕೋದ ಗ್ವೆಯ್‌ಗೂ ಇದೇ ಲೆಕ್ಕ. ಚಿಲಿಯಲ್ಲಂತೂ ಒಂದೇ ವಾಕ್ಯದಲ್ಲಿ ವೆಓನ್ ಮೂರು ಸಲ ಬರಬಹುದು. ಮೊದಲನೆಯದು "ಲೋ", ಎರಡನೆಯದು "ಆ ಆಸಾಮಿ", ಮೂರನೆಯದು "ಪೆದ್ದ". ಕೇಳುವವನಿಗೆ ಗೊಂದಲವೇ ಆಗುವುದಿಲ್ಲ.

ರೊಸಾರಿಯೋ_ಸೊಸೆ
ಮೇಷ್ಟ್ರೇ, ಕ್ಲಾಸಲ್ಲಿ ಚೆನ್ನಾಗಿದೆ, ಟ್ರಾಫಿಕ್‌ನಲ್ಲಿ ನಡೆಯಲ್ಲ. ಕಾರಿನ ಕಿಟಕಿ ಇಳಿಸಿ "ಬೊಲೂದೋ!" ಅಂತ ಎಳೆದು ಕೂಗಿದ್ರೆ ಅದೂ ಕರೆಯೋ ಜಾಗವೇ. ಸಲಿಗೆ ಅಂದ್ಕೊಂಡು ಕೈ ಬೀಸ್ತೀರಾ? ಗುರುತಿದೆಯಾ, ದನಿ ಹೇಗಿದೆ, ಅದು ಮೊದಲು. ಮತ್ತೆ "ಪೆಲೊತೂದೊ" ಅಂತ ಇನ್ನೊಂದಿದೆ. ಅರ್ಥ ಹೆಚ್ಚುಕಮ್ಮಿ ಅದೇ, ಆದ್ರೆ ಪೆಟ್ಟು ಜಾಸ್ತಿ. ನಮ್ಮೂರಿನ ವ್ಯಂಗ್ಯಚಿತ್ರಕಾರ ಫೊಂತಾನರೋಸಾ 2004ರಲ್ಲಿ ಇಲ್ಲೇ ರೊಸಾರಿಯೋದಲ್ಲಿ ನಡೆದ ಅದೇ ಭಾಷಾ ಸಮ್ಮೇಳನದಲ್ಲಿ, ಅಕಾಡೆಮಿಯ ದೊಡ್ಡವರೆಲ್ಲ ಕೂತಿರುವಾಗ, ಆ ಪದದ ಶಕ್ತಿಯೆಲ್ಲ ಅದರ "ತ" ಅಕ್ಷರದಲ್ಲಿದೆ ಅಂತ ಭಾಷಣ ಮಾಡಿದ್ರು. ಕೆಟ್ಟ ಪದ ಅಂತ ಯಾಕಂತೀರಿ, ಅವು ಬೇರೆ ಪದಗಳಿಗೆ ಹೊಡೀತಾವಾ ಅಂತ ಕೇಳಿ ಇಡೀ ಸಭೆ ನಗಿಸಿ, ಕೊನೆಗೆ ಬೈಗುಳಗಳಿಗೆಲ್ಲ ಕ್ಷಮಾದಾನ ಕೊಡಿ ಅಂದ್ರು. ಇಲ್ಲಿ ಇವತ್ತಿಗೂ ಆ ಭಾಷಣದ ವಿಡಿಯೋ ಹಂಚ್ಕೋತಾ ಇರ್ತಾರೆ.

ಕುಡ್ಲದ_ಚೆಂಡು
ಎಂತ ಮಾರಾಯ್ರೆ, ಇಷ್ಟು ಮಾತಾಡಿಯೂ ಫುಟ್‌ಬಾಲ್ ಬರಲಿಲ್ಲವಾ? ಉರುಗ್ವೆಯ ಆಟಗಾರ ಕವಾನಿಯ ಕಥೆ ಯಾರಿಗೂ ನೆನಪಿಲ್ಲವಾ?

2020ರ ನವೆಂಬರ್ 29. ಸೌತಾಂಪ್ಟನ್ ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್ ಎರಡು ಗೋಲು ಹಿಂದೆ. ಕವಾನಿ ಅರ್ಧದಲ್ಲಿ ಬಂದು ಎರಡು ಗೋಲು ಹೊಡೆದು 3-2 ಗೆಲ್ಲಿಸಿದ. ಊರಿನ ಗೆಳೆಯ ಇನ್‌ಸ್ಟಾಗ್ರಾಂನಲ್ಲಿ ಅಭಿನಂದನೆ ಹೇಳಿದ. ಇವ "ಗ್ರಾಸಿಯಾಸ್ ನೆಗ್ರೀತೊ", ಅಂದರೆ "ಥ್ಯಾಂಕ್ಸ್ ಕರಿಯಾ" ಅಂತ ಉತ್ತರ ಹಾಕಿದ. ಅಷ್ಟೇ ಮಾಡಿದ್ದು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್‌ನವರು 3 ಪಂದ್ಯ ನಿಷೇಧ, 1 ಲಕ್ಷ ಪೌಂಡ್ ದಂಡ ಹಾಕಿದರು! ಉರುಗ್ವೆಯ ಭಾಷಾ ಅಕಾಡೆಮಿಯೇ ಎದ್ದು, ನಿಮಗೆ ನಮ್ಮ ಭಾಷೆ ಗೊತ್ತಿಲ್ಲ ಅಂತ ಹೇಳಿಕೆ ಕೊಟ್ಟಿತು. ಅಲ್ಲಿ ಗಂಡ ಹೆಂಡತಿಯನ್ನು, ಅಮ್ಮ ಮಗನನ್ನು ಹಾಗೆ ಕರೆಯುವುದು ಉಂಟು. ಹಾಡುಗಾರ್ತಿ ಮರ್ಸಿಡಿಸ್ ಸೋಸಾಳನ್ನು ಇಡೀ ಅರ್ಜೆಂಟೀನಾ "ಲಾ ನೆಗ್ರಾ" ಅಂತಲೇ ಪ್ರೀತಿಯಿಂದ ಕರೆದದ್ದು. ಬಿಳಿಯರಿಗೆ ತಮ್ಮ ಇತಿಹಾಸದ ಪಾಪ, ದಂಡ ಕಟ್ಟುವುದು ಬೇರೆಯವರು!

ಮ್ಯಾಡ್ರಿಡ್_ಮಂಜ
ಕುಡ್ಲದೋರೇ, ನೀವು ಅರ್ಧ ಕಥೆ ಹೇಳ್ತಿದ್ದೀರಿ. ಅದೇ ಉರುಗ್ವೆಯ ಸುವಾರೆಸ್‌ನ ಯಾಕೆ ಬಿಟ್ರಿ? 2011ರ ಅಕ್ಟೋಬರ್, ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಪ್ಪು ಆಟಗಾರ ಎವ್ರಾ ಜೊತೆ ಮೂತಿಗೆ ಮೂತಿ ಕೊಟ್ಟು ಜಗಳ ಆಡ್ತಾ "ನೆಗ್ರೊ" ಅಂದ. ಆಮೇಲೆ "ನಮ್ಮೂರಲ್ಲಿ ಇದು ಪ್ರೀತಿಯ ಮಾತು" ಅಂದ. 8 ಪಂದ್ಯ ನಿಷೇಧ, 40 ಸಾವಿರ ಪೌಂಡ್ ದಂಡ. ಆ ತೀರ್ಪು 115 ಪುಟ ಇದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಇಬ್ಬರು ತಜ್ಞರನ್ನ ಕರೆಸಿ ಕೇಳಿದ್ರು. ಉರುಗ್ವೆಯಲ್ಲಿ ಈ ಪದ ಸಲಿಗೆಯದೂ ಆಗುತ್ತೆ ಅಂತ ಅವರೂ ಒಪ್ಪಿದ್ರು. ಆದ್ರೆ ಜಗಳ ಆಡ್ತಾ ಇರೋವಾಗ ಸಲಿಗೆ ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ. "ನಮ್ಮೂರ ವಾಡಿಕೆ" ಅನ್ನೋದು ಕೆಲವರಿಗೆ ಒಳ್ಳೆ ಕೊಡೆ.

ಕುಡ್ಲದ_ಚೆಂಡು
ಸುವಾರೆಸ್‌ದು ಬೇರೆ, ಕವಾನಿದು ಬೇರೆ ಅಂತಲೇ ನಾನೂ ಹೇಳುವುದು! ಒಬ್ಬ ಎದುರಾಳಿಗೆ ಅಂದದ್ದು, ಇನ್ನೊಬ್ಬ ಗೆಳೆಯನಿಗೆ ಅಂದದ್ದು. ಇಬ್ಬರನ್ನೂ ಒಂದೇ ಕೋಲಿನಲ್ಲಿ ಹೊಡೆದರು. ಮತ್ತೆ ಅದೇ ಪಂದ್ಯದಲ್ಲಿ ಮೊದಲು ಸ್ಪ್ಯಾನಿಷ್‌ನಲ್ಲಿ ಸುವಾರೆಸ್‌ನ ತಂಗಿಯ ಮೇಲೆ ಬೈದದ್ದು ಎವ್ರಾ. ನನಗೆ ಅದು ಬರೀ ಉದ್ಗಾರ ಅಂತ ಅವ ಹೇಳಿದ್ದೂ ಉಂಟಲ್ಲ, ಅದಕ್ಕೆ ಎಂತ ಹೇಳುತ್ತೀರಿ?

ಮ್ಯಾಡ್ರಿಡ್_ಮಂಜ
ಅದಕ್ಕೆ ಹೇಳೋದಿಲ್ಲ, ನೀವು ಗೆದ್ರಿ.

ಆದ್ರೆ ನೆಗ್ರೀತೊ ಥರ ಪದದ ಕೊನೆಗೆ "-ಈತೊ" ಸೇರಿಸಿದ್ರೆ ಎಲ್ಲಾ ಮುದ್ದಾಗುತ್ತೆ ಅನ್ನೋದನ್ನ ಒಪ್ಪಲ್ಲ. ಇಲ್ಲಿ ಪೆರುವಿನವರು ನನ್ನ ಪಕ್ಕದ ಮನೇಲಿದ್ದಾರೆ. "ಚೋಲೊ" ಅಂದ್ರೆ ಬೆಟ್ಟದಿಂದ ಇಳಿದುಬಂದ ಮೂಲನಿವಾಸಿ ಕುಲದವನು. ಗಂಡ ಹೆಂಡತಿಗೆ "ಚೋಲೀತಾ" ಅಂದ್ರೆ ಪ್ರೀತಿ. ಲಿಮಾದ ಶ್ರೀಮಂತರ ಮನೆಯೊಡತಿ ಕೆಲಸದವಳಿಗೆ ಅದೇ "ಚೋಲೀತಾ" ಅಂದ್ರೆ ನಿನ್ನ ಜಾಗದಲ್ಲಿ ನೀನಿರು ಅಂತ. ದನಿ ಎರಡು ಕಡೆನೂ ಬೆಣ್ಣೆ ಥರಾನೇ ಇರುತ್ತೆ ಅಂತ ಆಯಮ್ಮ ಹೇಳ್ತಾರೆ. 2001ರಲ್ಲಿ ತೊಲೇದೊ ತಾನು ಚೋಲೊ ಅಂತ ಎದೆ ತಟ್ಕೊಂಡೇ ಅಧ್ಯಕ್ಷನಾದ. ತನಗೆ ತಾನೇ ಅಂದ್ಕೊಳ್ಳೋದಕ್ಕೂ ಮೇಲಿನವನು ಕೆಳಗಿನವನಿಗೆ ಅನ್ನೋದಕ್ಕೂ ಅಜಗಜಾಂತರ.

ಧಾರವಾಡ_ಫೇಡಾ
ಪೆರುದಾಗ ಇನ್ನೊಂದು ಮಜಾ ಐತಿ. ಅಲ್ಲಿ ಅಧ್ಯಕ್ಷ ಆಗಿದ್ದ ಫುಜಿಮೋರಿ ಅಪ್ಪ ಅವ್ವ ಜಪಾನಿನವ್ರು. ಜನ ಕರದಿದ್ದು "ಎಲ್ ಚೀನೊ", ಚೀನಾದಂವ! ಅಂವಾ ಸಿಟ್ಟಾಗೋದು ಬಿಟ್ಟು ಅದನ್ನ ಪ್ರಚಾರಕ್ಕ ಬಳಸ್ಕೊಂಡ. ಅರ್ಜೆಂಟೀನಾದಾಗ ಅಧ್ಯಕ್ಷ ಆಗಿದ್ದ ಮೆನೆಮ್ ಮಂದಿ ಸಿರಿಯಾದವ್ರು, ಅಂವ "ಎಲ್ ತುರ್ಕೊ". ತುರ್ಕಿಗೂ ಅವರಿಗೂ ಸಂಬಂಧ ಅಂದ್ರ ತುರ್ಕಿಯ ಆಟೊಮನ್ ಸಾಮ್ರಾಜ್ಯದ ಹಳೇ ಪಾಸ್‌ಪೋರ್ಟ್ ಅಷ್ಟ. ಇಬ್ಬರೂ ಹತ್ತತ್ತ ವರ್ಷ ಗಾದಿ ಮ್ಯಾಲ ಕುಂತ್ರು ನೋಡ್ರಿ.

ರೊಸಾರಿಯೋ_ಸೊಸೆ
ಹೌದು! ಇಲ್ಲಿ ಸ್ಪೇನ್‌ನಿಂದ ಬಂದವರೆಲ್ಲ "ಗಾಯೇಗೊ", ಅಂದ್ರೆ ಸ್ಪೇನ್‌ನ ಗಲೀಸಿಯಾ ಪ್ರಾಂತ್ಯದವರು, ಆ ಗಲೀಸಿಯಾ ಎಲ್ಲಿದೆ ಅಂತ ಗೊತ್ತಿಲ್ಲದೋರೂ. ಇಟಲಿಯವರು "ತಾನೊ". ನಾನು "ಇಂದೂ", ಅಂದ್ರೆ ಹಿಂದೂ. ನನ್ನ ಗೆಳತಿ ಮಂಗಳೂರಿನ ಕ್ಯಾಥೊಲಿಕ್, ಅವಳೂ ಇಂದೂ. ಹೇಳಿ ಹೇಳಿ ಬಿಟ್ಟಿದ್ದೀವಿ.

ಪುಸ್ತಕದ_ಹುಳ
ಇದೆಲ್ಲ ಈಗಿನ ಹುಡುಗರ ಶೋಕಿ ಅಂದುಕೊಂಡವರಿಗೆ: ಸರ್ವಾಂಟಿಸ್‌ನ ಡಾನ್ ಕ್ವಿಕ್ಸೋಟ್ ಎರಡನೇ ಭಾಗ, 1615ರದು, 13ನೇ ಅಧ್ಯಾಯ ತೆಗೆಯಿರಿ. ಇಬ್ಬರು ಸೇವಕರು ರಾತ್ರಿ ಮರದ ಕೆಳಗೆ ಕೂತಿದ್ದಾರೆ. ಕ್ವಿಕ್ಸೋಟ್‌ನ ಸೇವಕ ಸಾಂಚೋ ತನ್ನ ಮಗಳನ್ನು ಹೊಗಳುತ್ತಾನೆ. ಇನ್ನೊಬ್ಬ ಮೆಚ್ಚುಗೆಯ ಭರದಲ್ಲಿ "ಸೂಳೆಮಗಳು, ಎಂಥಾ ಗಟ್ಟಿಗಿತ್ತಿ ಇರಬೇಕು!" ಎನ್ನುತ್ತಾನೆ. ಸಾಂಚೋಗೆ ಉರಿಯುತ್ತದೆ, ಮಗಳೂ ಅಂಥವಳಲ್ಲ, ತಾಯಿಯೂ ಅಂಥವಳಲ್ಲ, ನಾಲಿಗೆ ಬಿಗಿಹಿಡಿ ಅನ್ನುತ್ತಾನೆ. ಆತ ಸಮಜಾಯಿಷಿ ಕೊಡುತ್ತಾನೆ: ಅಖಾಡದಲ್ಲಿ ಒಬ್ಬ ಗೂಳಿಗೆ ಸರಿಯಾಗಿ ಈಟಿ ಹೊಡೆದರೆ ಜನ ಹೀಗೇ ಅಲ್ಲವೇ ಹೊಗಳುವುದು? ಸ್ವಲ್ಪ ಹೊತ್ತಿಗೆ ಅವನ ಬುದ್ದಲಿಯಿಂದ ಗಟಗಟ ವೈನ್ ಕುಡಿದ ಸಾಂಚೋ ಬಾಯಿಂದ ತಾನಾಗೇ ಬರುತ್ತದೆ: "ಆಹಾ ಸೂಳೆಮಗಂದು, ಏನು ಸೊಗಸಾಗಿದೆ!" ಆತ ಅಲ್ಲೇ ಹಿಡಿಯುತ್ತಾನೆ, ನೋಡಿದೆಯಾ, ಈಗ ನೀನೂ ಹೊಗಳಿದೆ ಅಂತ.

ನಮ್ಮ ಹಳ್ಳಿಗಳಲ್ಲಿ ಕಬಡ್ಡಿ ನೋಡುತ್ತ "ಭಲೇ ನನ್ಮಗನೇ" ಅನ್ನುವ ಅಜ್ಜಂದಿರಿಗೆ ಈ ಅಧ್ಯಾಯ ಓದಿ ಹೇಳಬೇಕು.

ಸುಮ್ನೆ_ಓದೋನು
ಇದೊಂದಕ್ಕೇ ಆ ಪುಸ್ತಕ ಓದ್ಬೇಕು ಅನ್ನಿಸ್ತಿದೆ.

ಮಾಡರೇಟರ್
ಬೈಗುಳಗಳನ್ನು ವಿಷಯಕ್ಕೆ ಬೇಕಾದಷ್ಟೇ ಬರೆಯಿರಿ. ಒಂದು ಕಮೆಂಟ್ ತೆಗೆದಿದ್ದೇನೆ. ಯಾರದು ಅಂತ ಅವರಿಗೇ ಗೊತ್ತು.

ಸುಮ್ನೆ_ಓದೋನು
ಕ್ಷಮೆ ಇರಲಿ ಸಾರ್. ಕರ್ನಾಟಕದ ಪದ ಬರೆದುಬಿಟ್ಟೆ.

ಎಚ್ಆರ್_ಅಕ್ಕ
ಎಲ್ಲರೂ ಊರೂರು ಸುತ್ತಿದ್ರಿ, ಜಯನಗರದವರ ಪ್ರಶ್ನೆಗೆ ಉತ್ತರ ಯಾರು ಕೊಡ್ತೀರಿ?

ಮ್ಯಾಡ್ರಿಡ್_ಮಂಜ
ನಾನು ಕೊಡ್ತೀನಿ. ಹುಡುಗೀರು ಸುಳ್ಳು ಹೇಳ್ತಿಲ್ಲ. ಬೊಗೋಟಾದಲ್ಲಿ ಆ ಪದ ನಿಜಕ್ಕೂ ಸವೆದುಹೋಗಿದೆ, ವೆನೆಜುವೆಲಾದ ಹುಡುಗರು "ಮರೀಕೊ" ಅನ್ನೋದೂ ಹಾಗೇ. ಮರಿಯಾ ಅನ್ನೋ ಹೆಸರನ್ನ ಎಳೆದು ಮಾಡಿದ ಪದ ಅದು, ಹೆಣ್ಣಿಗ ಅನ್ನೋ ಅರ್ಥದಲ್ಲಿ ಗಂಡಸರನ್ನ ಆಡಿಕೊಳ್ಳೋಕೆ ಬಂತು. ಸ್ಪೇನ್‌ನಲ್ಲಿ ಸವೆದಿಲ್ಲ. 2021ರ ಜುಲೈನಲ್ಲಿ ಆ ಕೊರುನ್ಯಾ ಊರಿನ ಕ್ಲಬ್ ಹೊರಗೆ ಒಬ್ಬ ಹುಡುಗನನ್ನ ಗುಂಪು ಕಟ್ಟಿ ಹೊಡೆದು ಸಾಯಿಸಿದ್ರು. ಜಗಳ ಶುರುವಾಗಿದ್ದೇ "ಮರಿಕೋನ್" ಅನ್ನೋ ಕೂಗಿನಿಂದ ಅಂತ ಜೊತೇಲಿದ್ದ ಗೆಳತಿ ಹೇಳಿದ್ಲು. ದೇಶದ ಊರೂರಲ್ಲಿ ಜನ ಬೀದಿಗಿಳಿದ್ರು. ಇದನ್ನೆಲ್ಲ ಕಂಡೋನು ಕಾಲ್‌ನಲ್ಲಿ ಕೂತು, ಅಟ್ಲಾಂಟಿಕ್ ಆಚೆ ಅರ್ಥ ಬೇರೆ ಅಂತ ದಿನಾ ತನಗೆ ತಾನೇ ಸಮಾಧಾನ ಹೇಳ್ಕೋಬೇಕಾ?

ಹುಡುಗೀರಿಗೆ ತಪ್ಪು ಹೊರಿಸ್ಬೇಡಿ. ಅವನಿರೋ ಕಾಲ್‌ನಲ್ಲಿ ಬೇಡ ಅಂತ ಹೇಳಿ, ಅವರಿಬ್ಬರೇ ಇದ್ದಾಗ ಅವರ ಬಾಯಿ ಅವರಿಷ್ಟ.

ಕುಡ್ಲದ_ಚೆಂಡು
ಇದಕ್ಕೆ ನನ್ನದೂ ವೋಟು ಉಂಟು. ಮೆಕ್ಸಿಕೋದ ಅಭಿಮಾನಿಗಳು ಗೋಲ್‌ಕೀಪರ್ ಚೆಂಡು ಒದೆಯುವಾಗ ಒಂದು ಬೊಬ್ಬೆ ಹಾಕುತ್ತಾರಲ್ಲ, ಅವರದ್ದೂ ಇದೇ ವಾದ: "ನಾವು ಗೇಗಳ ಬಗ್ಗೆ ಹೇಳುವುದಲ್ಲ, ಬರೀ ತಮಾಷೆ". ಫಿಫಾ ಎಷ್ಟು ಸಲ ದಂಡ ಹಾಕಿತು, ನಿಂತಿಲ್ಲ. ಅಲ್ಲಿ ನಾನು ಫಿಫಾ ಕಡೆ. ಕವಾನಿ ವಿಷಯದಲ್ಲಿ ಮಾತ್ರ ಸಾಯುವವರೆಗೂ ಇಲ್ಲ.

ಸ್ಪ್ಯಾನಿಷ್_ಮೇಷ್ಟ್ರು
ಜಯನಗರದವರೇ, ಇನ್ನೊಂದು ಗಮನಿಸಿ. ಆ ಬೊಗೋಟಾ ಹುಡುಗಿಯರು ಒಬ್ಬರಿಗೊಬ್ಬರು "ಉಸ್ತೆದ್" ಅನ್ನುತ್ತಾರಾ ಕೇಳಿಸಿಕೊಳ್ಳಿ. ಪುಸ್ತಕದ ಪ್ರಕಾರ ಅದು ಮರ್ಯಾದೆಯ ಪದ, ನಮ್ಮ "ನೀವು" ಇದ್ದ ಹಾಗೆ. ಬೊಗೋಟಾದಲ್ಲಿ ಆಪ್ತ ಗೆಳೆಯರು, ಅಣ್ಣತಮ್ಮಂದಿರು ಕೂಡ ಉಸ್ತೆದ್ ಅನ್ನುವುದುಂಟು. ಅಂದರೆ ಒಂದೇ ಉಸಿರಿನಲ್ಲಿ "ನೀವು" ಎಂದು, ಮರೀಕಾ ಎಂದೂ ಅನ್ನುತ್ತಾರೆ. ಹೊರಗಿನವರು ಮರ್ಯಾದೆಯ ಅಳತೆಯನ್ನು ಯಾವ ತುದಿಯಿಂದ ಹಿಡಿದರೂ ಎಡವುತ್ತಾರೆ. ಹಾಗಾಗಿ ನಿಮ್ಮ ಬೆಂಗಳೂರಿನ ಹುಡುಗರು ಈ ಪದಗಳನ್ನು ಅರ್ಥಮಾಡಿಕೊಳ್ಳಲಿ, ತಾವಾಗಿ ಬಳಸುವುದು ಬೇಡ.

ಧಾರವಾಡ_ಫೇಡಾ
ಅವರು ಮೊದಲ ಅಂದ್ರ ಮಾತ್ರ ತಿರುಗಿ ಅನ್ರಿ. ಮೊದಲ ನೀವ ಅನ್ನಬ್ಯಾಡ್ರಿ. "ಪೆಂದೇಹೊ" ಮಾತ್ರ ಅವರು ಅಂದ್ರೂ ಅನ್ನಬ್ಯಾಡ್ರಿ. ಮೆಕ್ಸಿಕೋದಾಗ ಮೂರ್ಖ, ಅರ್ಜೆಂಟೀನಾದಾಗ ಚಿಳ್ಳೆಪಿಳ್ಳೆ, ಪೆರುದಾಗ ಚಾಲಾಕಿ. ಲೆಕ್ಕ ತಪ್ಪತೈತಿ.

ಜಯನಗರ_ನಾಲ್ಕನೇ_ಬ್ಲಾಕ್
ಎಲ್ಲರಿಗೂ ಥ್ಯಾಂಕ್ಸ್. ಹುಡುಗೀರ ಜೊತೆ ಮಾತಾಡ್ದೆ. ಒಬ್ಬಳು ತಕ್ಷಣ ಒಪ್ಪಿದ್ಲು. ಇನ್ನೊಬ್ಬಳು, "ನಾನೂ ಲೆಸ್ಬಿಯನ್, ನನ್ನ ಪದ ನನಗೆ ಬಿಡಿ" ಅಂದ್ಲು. ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ. ಈಗ ಅವಳೂ ಮ್ಯಾಡ್ರಿಡ್‌ನವನೂ ನನ್ನನ್ನ ಹೊರಗಿಟ್ಟು ಬೇರೆ ಕಾಲ್ ಮಾಡ್ಕೊಂಡು ಮಾತಾಡ್ತಾ ಇದ್ದಾರೆ. ಗ್ವೆಯ್ ಹುಡುಗನಿಗೆ ಮೇಷ್ಟ್ರ ಕಮೆಂಟ್ ಕಳಿಸಿದೆ. ಟ್ರೀಟ್ ಅನ್ನೋ ಸಾಲು ಮಾತ್ರ ಓದಿಲ್ಲ ಅಂತಾನೆ.

ಮ್ಯಾಡ್ರಿಡ್_ಮಂಜ
ಅವರೇ ಮಾತಾಡ್ಕೊಳ್ಳಿ ಬಿಡಿ, ನೀವು ಮಧ್ಯೆ ಹೋಗ್ಬೇಡಿ. ಇಲ್ಲಿ ಗೇ ಹುಡುಗರು ತಮ್ಮೊಳಗೆ ಅದೇ ಪದ ಧಾರಾಳವಾಗಿ ಬಳಸ್ತಾರೆ. ಅವಳು ಯಾರು ಅಂತ ಗೊತ್ತಾದ್ಮೇಲೆ ಅವನ ಕಿವಿಗೂ ಬೇರೆ ಥರ ಕೇಳಿಸಬಹುದು, ಕೇಳಿಸದೇನೂ ಇರಬಹುದು.

ಎಚ್ಆರ್_ಅಕ್ಕ
ನನ್ನ ಪಟ್ಟಿ ಇದಕ್ಕೆ ಸಾಲಲ್ಲ ಅಂತ ಒಪ್ಕೊಂಡೆ. ಆದ್ರೂ ಕೋತಿ ಬೇಡ.

ಹೊಸಬ_ಹಾಸನ
ಗುರುಗಳೇ, ವಿಷಯ ಬೇರೆ, ಬೈಬೇಡಿ. ಮುಂದಿನ ವಾರ ಬ್ಯೂನಸ್ ಐರಿಸ್‌ಗೆ ಹೋಗ್ತಿದ್ದೀನಿ. ಆ್ಯಪ್‌ನಲ್ಲಿ ಸ್ಪೇನ್ ಸ್ಪ್ಯಾನಿಷ್ ಕಲ್ತಿದ್ದೀನಿ. "ಬಸ್ ಹಿಡೀಬೇಕು" ಅನ್ನೋದಕ್ಕೆ "ಕೊಹೆರ್" ಅಂತ ಹೇಳ್ಕೊಟ್ಟಿದೆ. ನಡೆಯುತ್ತಾ?

ರೊಸಾರಿಯೋ_ಸೊಸೆ
ಅಯ್ಯೋ ದೇವ್ರೇ! ಇಲ್ಲಿ ಆ ಕ್ರಿಯಾಪದ ಹಾಸಿಗೇಲಿ ಮಾಡೋದಕ್ಕೆ ಮಾತ್ರ. ಬಸ್ಸಿಗೆ "ತೊಮಾರ್" ಅನ್ನಪ್ಪ, "ತೊಮಾರ್".

ಧಾರವಾಡ_ಫೇಡಾ
ಮೆಕ್ಸಿಕೋದಾಗೂ ಅದ ಹಣೇಬರ.

ಮಾಡರೇಟರ್
ಬಸ್ಸಿನ ವಿಷಯಕ್ಕೆ ಬೇರೆ ಎಳೆ ತೆರೆಯಿರಿ.